ಗುಡ್ಡ ಮಲಗಿಸುವ ದೋಣಿ

ನಮ್ಮೂರಿನಲ್ಲಿ ಹೊತ್ತು ಮುಳುಗಿದ ಮೇಲೆ ಯಾರ ತೆಪ್ಪ ಯಾರ ಮನೆಯ ಮೆಟ್ಟಿಲಿಗೆ ಹೋಯಿತೆಂಬುದು ಬೆಳಗಾಗುವ ಹೊತ್ತಿಗೆ ಕೆರೆಯ ಮೇಲೆ ಬರೆದಿರುತ್ತದೆ. ಹೋದ ದಾರಿ ನೇಗಿಲ ಸಾಲಿನಂತೆ ನೀರಿನಲ್ಲಿ ಹಾಗೇ ನಿಂತಿರುತ್ತದೆ, ಬಂದ ದಾರಿ ಅದರ ಪಕ್ಕದಲ್ಲಿ. ಬಾತುಕೋಳಿ ಈಜಿದರೆ ಹಿಂದೊಂದು ಜಡೆ. ಕೊಡ ಅದ್ದಿದ ಕಡೆ ಬಳೆಯ ಸುತ್ತ ಬಳೆ. ಮಳೆ ಹನಿದು ಹೋದರೆ ಕೆರೆಯ ಮೈತುಂಬ ಸಿಡುಬಿನ ಕಲೆ. ಯಾರಾದರೂ ಬಂದು ಸವರಿ ಮಟ್ಟ ಮಾಡುವ ತನಕ ಎಲ್ಲವೂ ಇದ್ದ ಹಾಗೇ ಇರಬೇಕು. ಹಾಗೆ ಮಟ್ಟ ಮಾಡುವವರು ನಾವು, ಹಲಗೆಯ ಹೆಂಗಸರು.

ನಾಟಿಗೆ ಮುಂಚೆ ಎತ್ತುಗಳ ಹಿಂದೆ ಹಲಗೆ ಕಟ್ಟಿ, ಅದರ ಮೇಲೆ ಒಬ್ಬ ನಿಂತು ಗದ್ದೆಯ ಕೆಸರನ್ನು ಮಟ್ಟ ಮಾಡುವುದನ್ನು ನೀವು ನೋಡಿರಬಹುದು. ನಮ್ಮದೂ ಅದೇ ಕೆಲಸ. ಎತ್ತಿನ ಬದಲು ದೋಣಿ, ದೋಣಿಯಲ್ಲಿ ಹುಟ್ಟು ಹಾಕುವ ಹೆಂಗಸರು, ಹಿಂದೆ ಹಗ್ಗ, ಹಗ್ಗದ ತುದಿಗೆ ಹಲಸಿನ ಮರದ ಹಲಗೆ, ಹಲಗೆಯ ಮೇಲೆ ಕಚ್ಚೆ ಕಟ್ಟಿ ನಿಂತ ಒಬ್ಬಳು. ಕೋಳಿ ಕೂಗಿದಾಗ ಶುರು ಮಾಡಿದರೆ, ಆಚೆ ದಡದಿಂದ ದಾಟುದೋಣಿ ಹೊರಡುವ ಹೊತ್ತಿಗೆ ಕೆರೆ ತೊಳೆದಿಟ್ಟ ಹಿತ್ತಾಳೆ ತಟ್ಟೆಯಂತಾಗಬೇಕು. ಹಿಂದಿನ ದಿನದ ಸಾಲುಗಳು ಉಳಿದುಬಿಟ್ಟರೆ ದಾಟುದೋಣಿ ಹಳ್ಳದಲ್ಲಿ ಬಿದ್ದ ಗಾಡಿಯಂತೆ ಕುಲುಕುತ್ತದೆ. ಹಾಲಿನ ಕ್ಯಾನುಗಳು ಉರುಳುತ್ತವೆ, ಸೊಪ್ಪಿನ ಹೊರೆಗಳು ನೀರು ಪಾಲಾಗುತ್ತವೆ.

ಹಲಗೆಗೆ ಇರುವುದು ಒಂದೇ ಕಟ್ಟಳೆ: ಬಿದ್ದವಳು ಹುಟ್ಟಿಗೆ. ಮಟ್ಟ ಮಾಡಬೇಕಾದವಳೇ ನೀರಿನಲ್ಲಿ ಗುಂಡಿ ಮಾಡಿದರೆ ಅವಳು ಮತ್ತೆ ಹಲಗೆ ಹತ್ತುವ ಹಾಗಿಲ್ಲ. ಉಳಿದ ಕಾಲವೆಲ್ಲ ದೋಣಿಯಲ್ಲಿ ಕೂತು ಹುಟ್ಟು ಹಾಕಬೇಕು. ನನ್ನತ್ತೆ ನನಗೆ ಹಲಗೆ ಬಿಟ್ಟುಕೊಟ್ಟ ದಿನದಿಂದ ನಾನು ಬಿದ್ದಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಬೀಳುವವರು ಅವಸರದವರು, ಅವಸರ ನನ್ನ ಜಾತಕದಲ್ಲೇ ಇಲ್ಲ. ಅಕ್ಷರ ಕಲಿತದ್ದೂ ಮೊಮ್ಮಗಳು ಹುಟ್ಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಸ್ಲೇಟುಗಳು ಸಾಲದೆ ಮೇಷ್ಟ್ರು ನಮ್ಮನ್ನು ಕೆರೆಯ ಮೆಟ್ಟಿಲಿನ ಮೇಲೆ ಕೂರಿಸುತ್ತಿದ್ದರು. ಲಾಟೀನು ಪಕ್ಕಕ್ಕಿಟ್ಟುಕೊಂಡು ಬೆರಳಿನಿಂದ ನೀರಿನ ಮೇಲೆ ಅ ಬರೆಯುವುದು, ಸೊಟ್ಟಗಾದರೆ ಅಂಗೈಯಿಂದ ಸವರಿ ಇನ್ನೊಮ್ಮೆ ಬರೆಯುವುದು. ನನ್ನ ಅ ನೆಟ್ಟಗಾಗಲು ಒಂದು ಚಳಿಗಾಲ ಹಿಡಿಯಿತು. ಮೇಷ್ಟ್ರಿಗೇ ಬೇಸರ ಬಂದಿತ್ತು, ನನಗೆ ಬರಲಿಲ್ಲ.

ನಮಗೆ ತೊಂದರೆ ಬಂದದ್ದು ಹಲಗೆಯಿಂದಲ್ಲ, ಹುಟ್ಟಿನಿಂದ. ಹುಟ್ಟು ಹಾಕುವವರ ಭುಜಗಳು ಒಂದೊಂದಾಗಿ ಸೋತವು. ಹೊಸಬರು ಬರಲಿಲ್ಲ. ಬೆಳಗಿನ ಜಾವದ ನಿದ್ದೆ ಬಿಟ್ಟು, ಬೆನ್ನು ಬಗ್ಗಿಸಿ, ಇನ್ನೊಬ್ಬಳು ಹಿಂದೆ ರಾಣಿಯಂತೆ ನಿಲ್ಲುವುದಕ್ಕಾಗಿ ತಾನು ಬೆವರು ಸುರಿಸು ಎಂದರೆ ಯಾವ ಹುಡುಗಿ ಬರುತ್ತಾಳೆ? ಕೆರೆಯ ಈ ಬದಿಯನ್ನು ಸವರುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಆಚೆ ಬದಿ ಸುಕ್ಕು ಸುಕ್ಕಾಗಿ ಹಾಗೇ ಉಳಿಯುತ್ತಿತ್ತು.

ಪುರಸಭೆ ಅಧ್ಯಕ್ಷರಾದ ಪಾಲಾಕ್ಷಯ್ಯನವರು ಒಂದು ದಿನ ನಮ್ಮನ್ನೆಲ್ಲ ಸಭೆಗೆ ಕರೆಸಿದರು. "ಕೆರೆ ನಡುವೆ ಮಣ್ಣು ಸುರಿದು ರಸ್ತೆ ಮಾಡ್ಬಿಡೋಣ ಅಂತಿದೀನಿ. ದಿನಾ ಒಂದು ಹೊರೆ ಮುಳುಗ್ತದೆ. ಮೊನ್ನೆ ನಾನೇ ಮುಳುಗಿದೆ," ಎಂದರು. ಅದು ನಿಜ. ಅವರು ಬಿದ್ದ ಗುಂಡಿ, ಹೊಟ್ಟೆಯ ಸಮೇತ, ಮಾರನೇ ಬೆಳಗ್ಗೆ ನಾವು ಸವರುವ ತನಕ ಇತ್ತು. ಶಾಲೆ ಮಕ್ಕಳು ಸಾಲಾಗಿ ಬಂದು ನೋಡಿಕೊಂಡು ಹೋಗಿದ್ದರು.

"ಕೆರೆ ಎರಡು ತುಂಡಾಗ್ತದಲ್ಲ ಯಜಮಾನ್ರೆ," ಎಂದೆ ನಾನು.

"ಆಗ್ಲಿ ಬಿಡಿ ದೊಡ್ಡತಾಯಮ್ಮ. ರಸ್ತೆ ಆದ್ಮೇಲೆ ಯಾರೂ ನೀರಿಗಿಳಿಯಲ್ಲ. ನೀವೂ ಮನೇಲಿ ಆರಾಮಾಗಿರಬಹುದು, ಸವರೋ ಗೋಜಿಲ್ಲ."

ನಮ್ಮ ಸಂಘದ ಮುಖ್ಯಸ್ಥೆ ಹೊಂಬಾಳಮ್ಮ ಕೂತಲ್ಲೇ ಸೆರಗು ಬಿಗಿದಳು. ಅವಳು ಮಾತಾಡಿದರೆ ದಡದ ಕೊಕ್ಕರೆ ಹಾರುತ್ತವೆ. "ಸವರೋದು ಬಿಟ್ಟು ಏನ್ಮಾಡಾಣ? ನಿಮ್ಮ ಗಡ್ಡ ಹೆರೆಯೋಣವಾ?" ಎಂದಳು.

ಸಭೆ ನಕ್ಕಿತು. ಪಾಲಾಕ್ಷಯ್ಯನವರೂ ನಕ್ಕರು, ಕೆಟ್ಟ ಮನುಷ್ಯರಲ್ಲ. ಆಮೇಲೆ ಬೆರಳೆತ್ತಿ ಹೇಳಿದರು: "ಸರಿ, ಮಾತಾಗ್ಲಿ. ಗೌರಿ ಹಬ್ಬದ ದಿನ ಆಚೆ ದಡದಿಂದ ಬಾಗಿನದ ದೋಣಿ ಬರ್ತದಲ್ಲ, ಆ ಹೊತ್ತಿಗೆ ದಡದಿಂದ ದಡಕ್ಕೆ ಕೆರೆ ಕನ್ನಡಿ ಆಗಿರ್ಬೇಕು. ಆಗಿದ್ರೆ ನಾನು ರಸ್ತೆ ಸುದ್ದಿ ಎತ್ತಲ್ಲ. ಇಲ್ಲಾಂದ್ರೆ ಮಾರನೇ ದಿನ ಮಣ್ಣಿನ ಲಾರಿ ಬರ್ತವೆ."

ಆ ಸಂಜೆ ಮೆಟ್ಟಿಲಿನ ಮೇಲೆ ಕೂತು ಮಣ್ಣಿನ ರಸ್ತೆ ಎಲ್ಲಿಂದೆಲ್ಲಿಗೆ ಬೀಳಬಹುದೆಂದು ಕಣ್ಣಲ್ಲೇ ಅಳೆದೆ. ನನಗೆ ಬೇರೆ ಕಸುಬು ಗೊತ್ತಿಲ್ಲವೆಂಬುದು ದೊಡ್ಡ ಮಾತಲ್ಲ, ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಯಾರೂ ಎದ್ದಿರದ ಹೊತ್ತಿನಲ್ಲಿ ನೀರಿನ ಮೇಲೆ ನಿಂತು, ಹಿಂತಿರುಗಿ ನೋಡಿದರೆ ಹಿಂದೆಲ್ಲ ನುಣುಪು, ಮುಂದೆ ಮಾತ್ರ ನಿನ್ನೆಯ ಗೋಜಲು: ಈ ಸುಖ ಇಲ್ಲದೆ ದಿನ ಹೇಗೆ ಶುರುವಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಎಂಜಿನ್ನಿನ ದೋಣಿ ಕೊಳ್ಳೋಣವೆಂಬ ಯೋಚನೆ ಹೊಂಬಾಳಮ್ಮನದು. ಹುಟ್ಟು ಹಾಕುವವರಿಲ್ಲದಿದ್ದರೆ ಹುಟ್ಟೇ ಬೇಡದ ದೋಣಿ ತರೋಣ ಎಂದಳು. ಮೆಹಬೂಬಿ ಓಡಿಸುವುದೆಂದಾಯಿತು. ಅವಳು ಊರಿನಲ್ಲಿ ಲಗೇಜ್ ಆಟೋ ಓಡಿಸುವವಳು, ಎರಡು ಮಕ್ಕಳ ತಾಯಿ. ಅವಳ ಆಟೋದಲ್ಲೇ ಹಿಂದುಗಡೆ ಚಾಪೆ ಹಾಸಿಕೊಂಡು ನಾನು, ಹೊಂಬಾಳಮ್ಮ, ಮಾತಿಗಿಂತ ನಗುವೇ ಹೆಚ್ಚಿರುವ ನಿಂಗಾಜಮ್ಮ, ಮೂವರೂ ಘಟ್ಟ ಇಳಿದು ಪಟ್ಟಣಕ್ಕೆ ಹೋದೆವು. ಪಟ್ಟಣದಾಚೆ ಅಣೆಕಟ್ಟಿನ ಹಿನ್ನೀರು, ಹಿನ್ನೀರಿನ ದಡದಲ್ಲಿ ದೋಣಿ ಮಾರುವ ಅಂಗಡಿ. ಅಂಗಡಿಯವನು ಸ್ಟ್ಯಾನಿ ಎಂಬ ಯುವಕ. ಕಣ್ಣಿಗೆ ಕಪ್ಪು ಕನ್ನಡಕ, ಬಾಯಿ ತುಂಬ ಮರ್ಯಾದೆ.

"ಏನಕ್ಕೆ ಬೇಕು ಆಂಟಿ, ಟೂರಿಸ್ಟ್ ರೈಡಿಗಾ?" ಎಂದ.

"ಹಿಂದೆ ಹಗ್ಗ ಕಟ್ಟಿ ಹಲಗೆ ಎಳೆಯೋಕೆ. ಹಲಗೆ ಮೇಲೆ ಹೆಂಗಸರು ನಿಲ್ತಾರೆ," ಎಂದಳು ಹೊಂಬಾಳಮ್ಮ.

ಸ್ಟ್ಯಾನಿ ಕನ್ನಡಕ ತೆಗೆದು ನಮ್ಮ ಮೂವರ ಬಿಳಿ ತಲೆಗಳನ್ನು ಒಂದೊಂದಾಗಿ ನೋಡಿದ. "ಸೂಪರ್," ಎಂದ. ಅವನ ಹತ್ತಿರ ಎರಡು ಬಗೆಯ ದೋಣಿಗಳಿದ್ದವು, ಎರಡೂ ಹಗ್ಗ ಹಿಡಿದವರನ್ನು ನೀರಿನ ಮೇಲೆ ಎಳೆದುಕೊಂಡು ಹೋಗುವ ಆಟದವು. ಒಂದು ವಾಟರ್ ಸ್ಕೀಯಿಂಗಿಗೆ, ಚಪ್ಪಟೆ ಹೊಟ್ಟೆಯದು, ಬೂದಿ ಬಣ್ಣ. ಇನ್ನೊಂದು ವೇಕ್‌ಬೋರ್ಡಿಂಗಿಗೆ, ಮೇಲೆ ಕಮಾನು, ಮೈಯೆಲ್ಲ ದಾಸವಾಳದ ಕೆಂಪು. ಎರಡನ್ನೂ ಓಡಿಸಿ ತೋರಿಸುತ್ತೇನೆ, ನೋಡಿ ಆರಿಸಿಕೊಳ್ಳಿ ಎಂದ.

ನಾವು ದೋಣಿ ನೋಡುವ ರೀತಿ ಊರಲ್ಲಿ ಎಲ್ಲರಿಗೂ ಗೊತ್ತು. ಓಡುವಾಗ ನೋಡುವುದಲ್ಲ, ಓಡಿ ಹೋದ ಮೇಲೆ ಚಹ ಕುಡಿದು ಬಂದು, ನೀರಿನ ಮೇಲೆ ಅದು ಬಿಟ್ಟ ಗುರುತು ನೋಡುವುದು. ಬೂದಿ ದೋಣಿ ಹೋಗಿ ಬಂದಿತು. ಚಹ ಕುಡಿದೆವು. ಬಂದು ನೋಡಿದರೆ ನೀರಿನ ಮೇಲೆ ಒಂದು ಗೀರೂ ಇಲ್ಲ! ಹೊಂಬಾಳಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಕೆಂಪು ದೋಣಿ ಹೊರಟಿತು. ಅಬ್ಬಾ, ಅದರ ಹಿಂದೆ ಎದ್ದ ನೀರಿನ ಗುಡ್ಡ! ನಿಂಗಾಜಮ್ಮ "ಅಯ್ಯಯ್ಯೋ ಕೆರೆ ಕೆಡಿಸ್ತು ಮುಂಡೇದು" ಎಂದು ಕೂಗಿಯೇಬಿಟ್ಟಳು. ಕೂಗಿದವಳ ಬಾಯಿ ಮುಚ್ಚುವಷ್ಟರಲ್ಲಿ ಗುಡ್ಡ ತಾನಾಗಿ ಕುಗ್ಗಿತು, ದಡದ ತನಕ ಬಂದು ನಮ್ಮ ಕಾಲು ನೆಕ್ಕಿ ಮಲಗಿತು. ನೀರು ಮತ್ತೆ ನುಣ್ಣಗೆ.

ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಸ್ಟ್ಯಾನಿಗೆ ಏನೂ ಅರ್ಥವಾಗಲಿಲ್ಲ. ಅವನು ಗುಡ್ಡ ಎದ್ದಾಗ ನಮ್ಮ ಮುಖ ನೋಡಿದ್ದ, ನಾವು ಗುಡ್ಡ ಮಲಗಿದ್ದಕ್ಕೆ ಕುಣಿಯುತ್ತಿದ್ದೆವು.

"ನೋಡ್ದಾ ದೊಡ್ಡತಾಯಕ್ಕ," ಎಂದು ಹೊಂಬಾಳಮ್ಮ ನನ್ನ ರಟ್ಟೆ ಹಿಡಿದಳು. "ತಾನೇ ಎಬ್ಬಿಸ್ತದೆ, ತಾನೇ ಮಲಗಿಸ್ತದೆ. ಅಷ್ಟು ದೊಡ್ಡ ಗುಡ್ಡಾನೇ ಮಲಗಿಸೋ ದೋಣಿಗೆ ನಮ್ಮೂರ ಬಾತುಕೋಳಿ ಗೆರೆ ಯಾವ ಲೆಕ್ಕ?"

ನನಗೂ ಸರಿಯೆನಿಸಿತು. ಹೊರಗಿನ ನೀರನ್ನು ನಾವು ನಲ್ಲಿಯಲ್ಲಿ, ಬಕೆಟಿನಲ್ಲಿ ಕಂಡಿದ್ದೆವೇ ಹೊರತು ಹೀಗೆ ಹರಡಿಕೊಂಡು ಬಿದ್ದದ್ದನ್ನು ಕಂಡಿರಲಿಲ್ಲ. ಮಲಗಿಸಿದ್ದು ದೋಣಿ ಎಂದುಕೊಂಡೆವು. ನೀರು ತಾನೇ ಮಲಗಿತೆಂದು ಯಾರಿಗೆ ಹೊಳೆಯಬೇಕು? ಬೂದಿಯದಕ್ಕಿಂತ ಕೆಂಪಿನದೇ ಬಲವಾದದ್ದು ಎಂದು ಒಮ್ಮತವಾಯಿತು. ಸಂಘದಲ್ಲಿ ಕೂಡಿಟ್ಟದ್ದರ ಜೊತೆಗೆ ನಮ್ಮ ಹಳೆಯ ಹುಟ್ಟಿನ ದೋಣಿಗಳನ್ನೂ ಹುಟ್ಟುಗಳ ಸಮೇತ ಕೊಟ್ಟುಬಿಟ್ಟೆವು. ಯಾವುದೋ ರೆಸಾರ್ಟಿನವರು ಅವುಗಳಲ್ಲಿ ಮಣ್ಣು ತುಂಬಿ ಹೂವಿನ ಗಿಡ ಹಾಕುತ್ತಾರಂತೆ. ನಿಂಗಾಜಮ್ಮ ಅದಕ್ಕೂ ನಕ್ಕಳು. ನಾನು ನನ್ನ ಹಲಗೆಯನ್ನು ಮಾತ್ರ ಕೊಡಲಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ಲಾರಿಯ ಮೇಲೆ ದೋಣಿ ಬಂದಿತು. ಊರಿಗೆ ಊರೇ ದಡದಲ್ಲಿ. ಹೊಂಬಾಳಮ್ಮ ತೆಂಗಿನಕಾಯಿ ಒಡೆದಳು, ಮೆಹಬೂಬಿ "ಬಿಸ್ಮಿಲ್ಲಾ" ಎಂದು ಕೀಲಿ ತಿರುಗಿಸಿದಳು. ಹೊಸ ದೋಣಿ, ತುಂಬಿದ ಕೆರೆ, ಎಲ್ಲರ ಕಣ್ಣು ಬೇರೆ. ಅವಳು ಗಬ್ಬದ ಹಸು ಹೊಡೆದುಕೊಂಡು ಹೋಗುವ ಹಾಗೆ ಮೆಲ್ಲಗೆ, ಬಲು ಮೆಲ್ಲಗೆ ಆಚೆ ದಡಕ್ಕೆ ಹೋದಳು. ದೋಣಿಯ ಹಿಂಭಾಗ ನೀರಿನಲ್ಲಿ ಹೂತುಕೊಂಡಿತ್ತು. ಎಡಕ್ಕೊಂದು, ಬಲಕ್ಕೊಂದು, ಆಳೆತ್ತರದ ಎರಡು ಗುಡ್ಡಗಳು ಏಳುತ್ತಾ ಹೋದವು.

"ಏನೂ ಗಾಬರಿ ಬೇಡ," ಎಂದು ಹೊಂಬಾಳಮ್ಮ ಜನಕ್ಕೆಲ್ಲ ಕೈಯಾಡಿಸಿದಳು. "ಈಗ ಮಲಗಿಸ್ತದೆ, ನೋಡ್ತಾ ಇರಿ."

ನೋಡುತ್ತಾ ಇದ್ದೆವು. ಮೆಹಬೂಬಿ ಆಚೆ ದಡದಲ್ಲಿ ಎಂಜಿನ್ನು ಆರಿಸಿದಳು. ಬಿಸಿಲು ಏರಿತು. ಗುಡ್ಡಗಳ ನೆತ್ತಿಯ ಮೇಲೆ ಬಾತುಕೋಳಿಗಳು ಹತ್ತಿ ಕೂತವು. ಹುಡುಗರು ತಗಡು ತಂದು ಅದರ ಮೇಲೆ ಕೂತು ಜಾರತೊಡಗಿದರು. ದಾಟುದೋಣಿಯವನು ಬಂದು, ಎತ್ತರ ನೋಡಿ, ಬೀಡಿ ಹಚ್ಚಿ ಕೂತ. ಸಂತೆಗೆ ಬಂದಿದ್ದ ಆಚೆ ದಡದವರು ಈಚೆಯಲ್ಲೇ ಉಳಿದರು.

ಪಾಲಾಕ್ಷಯ್ಯನವರು ಕೊಡೆ ಊರಿಕೊಂಡು ಬಂದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು. "ನಾನು ಒಂದು ರಸ್ತೆ ಹಾಕ್ತೀನಿ ಅಂದಿದ್ದೆ," ಎಂದರು. "ನೀವು ಎರಡು ಹಾಕ್ಬಿಟ್ರಲ್ಲಮ್ಮ."

ಹೊಂಬಾಳಮ್ಮ ಆಚೆ ದಡದ ಕಡೆ ಕೈ ಬೀಸಿ ಮೆಹಬೂಬಿಯನ್ನು ಕರೆದಳು.

ಗುಡ್ಡಗಳ ನಡುವಿನ ಅದೇ ಸಾಲಿನಲ್ಲಿ ದೋಣಿಯನ್ನು ಈಚೆಗೆ ತಂದ ಮೆಹಬೂಬಿ ಸ್ಟ್ಯಾನಿಗೆ ಫೋನ್ ಹಚ್ಚಿದಳು. ನಾವೆಲ್ಲ ಸುತ್ತ ಕಿವಿಗೊಟ್ಟೆವು. "ಗುಡ್ಡ ಮಲಗ್ತಾ ಇಲ್ಲಪ್ಪ," ಎಂದು ನಾನೇ ಹೇಳಿದೆ.

"ಯಾವ ಗುಡ್ಡ ಅಜ್ಜಿ? ವೇಕಾ, ದೋಣಿ ಹಿಂದೆ ಏಳೋ ಅಲೆನಾ? ದೊಡ್ಡದಾಗಿ ಬರ್ತಾ ಇದೆ ತಾನೆ?"

"ಬರ್ತಾ ಇದೆ. ಹೋಗ್ತಾ ಇಲ್ಲ."

"ಅಲೆಗೋಸ್ಕರಾನೇ ಅಲ್ವಾ ಅಜ್ಜಿ ಈ ದೋಣಿ ತಗೊಳ್ಳೋದು? ಹಾರೋಕೆ, ಪಲ್ಟಿ ಹೊಡೆಯೋಕೆ?" ಪಾಪ, ಅವನ ತಪ್ಪೇನೂ ಇರಲಿಲ್ಲ. "ಅಲೆ ಬೇಡ ಅಂದ್ರೆ ಒಳಗಡೆ ನೀರಿನ ಟ್ಯಾಂಕಿದೆ, ತೂಕಕ್ಕೆ ಅಂತ ತುಂಬಿಸಿ ಕಳಿಸಿದ್ವಿ, ಅದನ್ನ ಖಾಲಿ ಮಾಡಿ. ಹಗ್ಗ ಉದ್ದ ಬಿಡಿ. ಮತ್ತೆ ಸ್ಪೀಡ್ ಹೋಗಿ. ಮೆಲ್ಲಗೆ ಹೋದ್ರೆ ದೋಣಿ ನೀರು ಅಗೀತದೆ, ಜೋರಾಗಿ ಹೋದ್ರೆ ಮೇಲೆ ತೇಲ್ತದೆ."

"ಎಷ್ಟು ಜೋರು?" ಎಂದಳು ಮೆಹಬೂಬಿ.

"ಅಕ್ಕಾ, ನಿಮಗೆ ಭಯ ಆಗೋಕೆ ಶುರುವಾಗ್ತದಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ."

ಟ್ಯಾಂಕು ಖಾಲಿ ಮಾಡಿದೆವು. ಬಾವಿಯ ಹಗ್ಗಗಳನ್ನು ಗಂಟು ಹಾಕಿ ಉದ್ದ ಮಾಡಿದೆವು. ಮೆಹಬೂಬಿ ಒಬ್ಬಳೇ ಒಂದು ಸುತ್ತು ಜೋರಾಗಿ ಹೋಗಿ ಬಂದಳು. ನಿಜವೇ, ದೋಣಿ ಮೂಗೆತ್ತಿ ನೀರಿನ ಮೇಲೆ ಕೂತು ಓಡಿತು. ಹಿಂದೆ ಬಿಟ್ಟದ್ದು ಬೆರಳಗಲದ ಗೆರೆ ಅಷ್ಟೆ, ಹಲಗೆ ಒಮ್ಮೆ ಹಾಯ್ದರೆ ಅಳಿಸಿಹೋಗುವಂಥದ್ದು. ಇನ್ನು ಉಳಿದದ್ದು ಆ ಓಟದ ಹಿಂದೆ ಹಲಗೆಯ ಮೇಲೆ ನಿಂತು ಎರಡು ಗುಡ್ಡಗಳ ನೆತ್ತಿ ಸವರುವುದು.

ಮಾರನೆಯ ಬೆಳಗ್ಗೆ ಹೊಂಬಾಳಮ್ಮ ಮೊದಲು ಹಲಗೆ ಹತ್ತಿದಳು. ನಾವು ಇಷ್ಟು ಕಾಲ ನಿಂತದ್ದು ಹುಟ್ಟಿನ ದೋಣಿಯ ಹಿಂದೆ, ನಡಿಗೆಯ ವೇಗದಲ್ಲಿ. ಮೆಹಬೂಬಿ ಹೊರಟಳೋ ಇಲ್ಲವೋ, ಹೊಂಬಾಳಮ್ಮ ಹಗ್ಗದ ಜೊತೆ ಮುಂದಕ್ಕೆ ಹಾರಿ, ಕೈಕಾಲು ಅಗಲಿಸಿ, ಕವುಚಿ ಬಿದ್ದಳು. ಅವಳನ್ನು ಎತ್ತಿದ ಮೇಲೆ ನೀರಿನಲ್ಲಿ ಅವಳದೇ ಅಚ್ಚು. ಬೆರಳು ಬೆರಳೂ ಎಣಿಸುವ ಹಾಗಿತ್ತು. ಅವಳ ನಂತರ ನಿಂಗಾಜಮ್ಮ ನಗುತ್ತಾ ಹೋಗಿ ನಗುತ್ತಾ ಬಿದ್ದಳು, ಗುಂಡಿಯೂ ನಗುತ್ತಿರುವ ಹಾಗೇ ಕಂಡಿತು. ಸಂಘದಲ್ಲಿ ಹಲಗೆಯ ಹಕ್ಕಿದ್ದವರು ಒಬ್ಬೊಬ್ಬರಾಗಿ ಎಲ್ಲರೂ ಹೋದರು, ಎಲ್ಲರೂ ಬಿದ್ದರು. ಸಂಜೆಯ ಹೊತ್ತಿಗೆ ಗುಡ್ಡಗಳು ನಿಂತೇ ಇದ್ದವು. ಅವುಗಳ ನಡುವೆ ನಮ್ಮ ಹೆಂಗಸರೆಲ್ಲ ರಂಗೋಲಿಯಂತೆ ಹರಡಿ ಬಿದ್ದಿದ್ದರು.

ಉಳಿದವಳು ನಾನೊಬ್ಬಳು. "ದೊಡ್ಡತಾಯಕ್ಕ, ನೀನು ಇವತ್ತು ಬೇಡ," ಎಂದಳು ಹೊಂಬಾಳಮ್ಮ, ಒದ್ದೆ ಸೀರೆ ಹಿಂಡುತ್ತಾ. "ನೀನೂ ಬಿದ್ರೆ ನಾಳೆ ಹಲಗೆ ಹತ್ತೋಕೆ ಊರಲ್ಲಿ ಹಕ್ಕಿರೋಳೇ ಇರಲ್ಲ."

ಗೌರಿ ಹಬ್ಬದ ಬೆಳಗ್ಗೆ ಆಚೆ ದಡದಲ್ಲಿ ಬಣ್ಣ ಬಣ್ಣದ ಸೀರೆಗಳು ಸೇರತೊಡಗಿದ್ದವು. ಬಾಗಿನದ ಮೊರಗಳನ್ನು ತಲೆಯ ಮೇಲಿಟ್ಟುಕೊಂಡು ಅವರು ನಿಂತಿರುವುದು ಇಲ್ಲಿಗೆ ಕಾಣುತ್ತಿತ್ತು. ಈಚೆ ದಡದಲ್ಲಿ ಪಾಲಾಕ್ಷಯ್ಯನವರು ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಕಚ್ಚೆ ಬಿಗಿದು ಹಲಗೆಯನ್ನು ನೀರಿಗೆ ಹಾಕಿದೆ.

"ಮೆಲ್ಲಗೆ ಹೋಗ್ಲಾ ದೊಡ್ಡಮ್ಮ?" ಎಂದು ಮೆಹಬೂಬಿ ತಿರುಗಿ ಕೇಳಿದಳು.

"ಮೆಲ್ಲಗೆ ಹೋಗಿ ತಾನೆ ಗುಡ್ಡ ಮಾಡಿದ್ದು? ನೀನು ಹೋಗೋ ಹಾಗೆ ಹೋಗು."

ಎಂಜಿನ್ನು ಗುಡುಗಿತು, ಹಗ್ಗ ಸೆಟೆಯಿತು. ನಾನು ಕಾಲೂರಿ ನೆಟ್ಟಗೆ ಎದ್ದು ನಿಂತೆ. ನಿಂತೆ ಎನ್ನುವಷ್ಟು ಹೊತ್ತು ನಿಂತದ್ದು ನಿಜ. ದಡದಲ್ಲಿ ಯಾರೋ "ನಿಂತ್ಲು!" ಎಂದರು. ಅಷ್ಟರಲ್ಲಿ ಆಕಾಶ ಕಾಲ ಕೆಳಗಿತ್ತು, ನೀರು ಬಾಯಿಯಲ್ಲಿತ್ತು.

ನಾನು ಬಿದ್ದೆ. ಅತ್ತೆ ಕೊಟ್ಟ ಹಲಗೆ ಬೆನ್ನು ಮೇಲಾಗಿ ತೇಲುತ್ತಿತ್ತು. ನಾನು ನನ್ನದೇ ಗುಂಡಿಯಲ್ಲಿ, ಮಂಡಿ ಎದೆಗೆ ಸೇರಿಸಿಕೊಂಡು, ಕುಕ್ಕರುಗಾಲಿನಲ್ಲಿ ಕೂತ ಹಾಗೆ ತೇಲುತ್ತಿದ್ದೆ. ನಿಂಗಾಜಮ್ಮ ಕೂಡ ನಗಲಿಲ್ಲ.

ಪಾಲಾಕ್ಷಯ್ಯನವರು ಕುರ್ಚಿಯಿಂದ ಎದ್ದರು. ಅವರ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. "ಬನ್ನಿ ದೊಡ್ಡತಾಯಮ್ಮ, ಸಾಕು. ಬಿದ್ದೋಳು ಹುಟ್ಟಿಗೆ. ನಿಮ್ಮದೇ ಕಟ್ಟಳೆ, ನಾನು ಮಾಡಿದ್ದಲ್ಲ."

ನನಗೆ ಆಗ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಅತ್ತೆಯ ಕಾಲದಿಂದ ಬಂದ ಮಾತು, ನಾನೇ ಎಷ್ಟೋ ಹೆಂಗಸರಿಗೆ ಹೇಳಿದ ಮಾತು. ನಾನು ತಲೆ ಬಾಗಿಸಬೇಕಾದದ್ದು ನ್ಯಾಯ. "ಆಗ್ಲಿ. ಹುಟ್ಟು ಕೊಡಿ," ಎಂದು ಕೈ ಚಾಚಿದೆ.

ಮೆಹಬೂಬಿ ದೋಣಿಯನ್ನು ತಿರುಗಿಸಿಕೊಂಡು ಹತ್ತಿರ ಬಂದಿದ್ದಳು. ಅವಳು ದೋಣಿಯ ಒಳಗೆಲ್ಲ ನೋಡಿದಳು, ಸೀಟು ಎತ್ತಿ ನೋಡಿದಳು. "ಇದರಲ್ಲಿ ಹುಟ್ಟೆಲ್ಲಿ ದೊಡ್ಡಮ್ಮ? ಬರೀ ಹಗ್ಗ ಇರೋದು."

"ಹಾಗಾದ್ರೆ ಅದನ್ನೇ ಕೊಡು," ಎಂದೆ.

ದಡದಿಂದ ಹೊಂಬಾಳಮ್ಮನ ದನಿ ಬಂದಿತು, ಕೊಕ್ಕರೆಗಳೆಲ್ಲ ಹಾರಿದವು: "ಕೊಡೇ ಮೆಹಬೂಬಿ! ಏನು ನೋಡ್ತೀಯಾ!"

ಗುಂಡಿಯಲ್ಲಿ ಕೂತಿದ್ದಾಗಲೇ ನನಗೆ ಒಂದು ತಿಳಿದಿತ್ತು. ಹುಟ್ಟಿನ ದೋಣಿಯ ಹಿಂದೆ ನಾವೇ ಎದ್ದು ನಿಲ್ಲಬೇಕು, ಅದಕ್ಕೆ ನಮ್ಮನ್ನೆತ್ತುವ ಶಕ್ತಿಯಿಲ್ಲ. ಈ ದೋಣಿಗೆ ಶಕ್ತಿ ಬೇಕಾದಷ್ಟಿದೆ. ಅದರ ಮುಂದೆ ನಾನು ಎದ್ದೇನು ಎಂಬ ಹಟ ಯಾಕೆ? ಹಲಗೆಯನ್ನು ಪಾದದ ಕೆಳಗೆ ಇಟ್ಟುಕೊಂಡೆ. ಮಂಡಿ ಮಡಚಿ, ಕೈ ನೀಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ ಹಾಗೆ ಹಿಂದಕ್ಕೆ ಒರಗಿ ಕೂತೆ. "ಹೊರಡು," ಎಂದೆ.

ಹಗ್ಗ ಎಳೆಯಿತು. ನಾನು ಏಳಲಿಲ್ಲ. ನೀರು ಎದೆಗೆ ಬಂದು ಬಡಿಯಿತು, ಕತ್ತಿಗೆ ಬಡಿಯಿತು, ಏಳು ಏಳು ಎಂದಿತು. ನಾನು ಕೂತೇ ಇದ್ದೆ. ಆಗ ಕೆಳಗಿನಿಂದ ಯಾರೋ ಅಂಗೈ ಕೊಟ್ಟು ಎತ್ತಿದ ಹಾಗೆ ಹಲಗೆ ಮೇಲಕ್ಕೆ ಬಂದಿತು. ನನ್ನ ಮಂಡಿಗಳು ತಾವಾಗಿ ಬಿಚ್ಚಿಕೊಂಡವು. ಕಣ್ಣು ತೆರೆದರೆ ನಾನು ನಿಂತಿದ್ದೆ, ದಡದ ಮನೆಗಳು ಹಿಂದಕ್ಕೆ ಓಡುತ್ತಿದ್ದವು, ಸೆರಗಿನ ತುದಿ ಬೆನ್ನ ಹಿಂದೆ ಬಾವುಟದಂತೆ ಪಟಪಟ ಹೊಡೆಯುತ್ತಿತ್ತು.

ಅಷ್ಟು ಕಾಲ ನಾನು ನೀರಿನ ಮೇಲೆ ನಿಂತಿದ್ದೆ. ಹಾರಿದ್ದು ಅದೇ ಮೊದಲು. ಮೆಹಬೂಬಿ ನನ್ನನ್ನು ಎಡಗಡೆಯ ಗುಡ್ಡದ ಮೇಲೆ ಹತ್ತಿಸಿದಳು. ಬಾತುಕೋಳಿಗಳು ಬೈದುಕೊಂಡು ಎದ್ದು ಹೋದವು. ಹಲಗೆಯ ಅಂಚನ್ನು ಹಿಮ್ಮಡಿಯಿಂದ ಒತ್ತಿದೆ. ಬೆಣ್ಣೆಯ ಮೇಲೆ ಕತ್ತಿ ಹೋದ ಹಾಗೆ ನೆತ್ತಿ ಕುಸಿಯಿತು, ಎರಡೂ ಬದಿಗೆ ಹರಡಿ ಕೂತಿತು. ಆಚೆ ದಡ ಮುಟ್ಟಿ ತಿರುಗುವಾಗ ಬಾಗಿನದ ಹೆಂಗಸರು ಮೊರ ಕೆಳಗಿಟ್ಟು ಕೂಗುತ್ತಿದ್ದರು. ಏನು ಕೂಗಿದರೋ ಗಾಳಿಗೆ ಕೇಳಲಿಲ್ಲ. ನಾನೂ ಏನೋ ಕೂಗಿದೆ.

ಎರಡನೇ ಸುತ್ತಿಗೆ ದೋಣಿ ದಡಕ್ಕೆ ಬಂದಾಗ ಹೊಂಬಾಳಮ್ಮ ತನ್ನ ಹಲಗೆ ಹಿಡಿದುಕೊಂಡು ಸೊಂಟದ ತನಕ ನೀರಿನಲ್ಲಿ ನಿಂತಿದ್ದಳು. "ನಾನೂ ಬಿದ್ದೋಳೇ, ಎಲ್ಲಿ ನನ್ನ ಹಗ್ಗ?" ಎಂದು ಕೈ ನೀಡಿದಳು. ನಿಂಗಾಜಮ್ಮ ಬಂದಳು. ಉಳಿದವರೂ ಬಂದರು. ಕಮಾನಿಗೆ ಇನ್ನೂ ಹಗ್ಗಗಳು ಬಿದ್ದವು. "ಏಳೋಕೆ ಹೋಗಬೇಡ್ರೇ, ಕೂತಿರಿ! ಅದೇ ಎಬ್ಬಿಸ್ತದೆ!" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಕೆಲವರು ಮತ್ತೆ ಬಿದ್ದರು, ಮತ್ತೆ ಕೂತರು. ಕೊನೆಗೆ ನಾವೆಲ್ಲ ಸಾಲಾಗಿ, ಹಲಗೆಗೆ ಹಲಗೆ ತಾಗುವ ಹಾಗೆ, ಕೆರೆಯ ಅಗಲದಲ್ಲಿ ಒಂದೇ ಗೀಟಿನಂತೆ ನಿಂತು ಹೋದೆವು. ಗುಡ್ಡಗಳು ಹೋದವು. ಹೊಂಬಾಳಮ್ಮನ ಬೆರಳುಗಳ ಅಚ್ಚು ಹೋಯಿತು, ನಿಂಗಾಜಮ್ಮನ ನಗು ಹೋಯಿತು, ನನ್ನ ಗುಂಡಿಯೂ ಹೋಯಿತು. ಹುಟ್ಟಿನ ಕಾಲದಲ್ಲಿ ಒಂದು ಬೆಳಗ್ಗೆ ಪೂರ್ತಿ ಬೇಕಾಗುತ್ತಿದ್ದ ಕೆಲಸವನ್ನು ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟರಲ್ಲಿ ಮುಗಿಸಿದ್ದೆವು.

ಬಾಗಿನದ ದೋಣಿ ಆಚೆ ದಡದಿಂದ ಹೊರಟಿತು. ಅದರ ಮುಂದೆ ಕೆರೆ ಅಲುಗದ ಕನ್ನಡಿ. ದೋಣಿಯ ಕೆಳಗೆ ತಲೆಕೆಳಗಾಗಿ ಇನ್ನೊಂದು ದೋಣಿ, ಇನ್ನೊಂದಿಷ್ಟು ಸೀರೆ, ಇನ್ನೊಂದಿಷ್ಟು ಮೊರ. ಮೊರಗಳಿಂದ ಒಂದು ಕಾಳೂ ಚೆಲ್ಲಲಿಲ್ಲ. ಪಾಲಾಕ್ಷಯ್ಯನವರು ಮೆಟ್ಟಿಲಿಳಿದು ಬಗ್ಗಿ, ಒಂದು ಕಣ್ಣು ಮುಚ್ಚಿ, ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದರು. ಗೆರೆ ಸಿಗಲಿ ಎಂದು ನೋಡಿದರೋ, ಸಿಗದಿರಲಿ ಎಂದು ನೋಡಿದರೋ, ನನಗೆ ಈಗಲೂ ಗೊತ್ತಿಲ್ಲ. ಎದ್ದವರು ಮೊಬೈಲು ತೆಗೆದು, "ಲಾರಿ ಬೇಡ. ಹೌದ್ರೀ, ಬೇಡ ಅಂದ್ರೆ ಬೇಡ," ಎಂದು ಯಾರಿಗೋ ಹೇಳಿದರು. ಊರು ಕೇಕೆ ಹಾಕಿತು. ಮೆಹಬೂಬಿ ದೋಣಿಯ ಹಾರ್ನು ಒತ್ತಿ ಹಿಡಿದವಳು ಬಿಡಲೇ ಇಲ್ಲ.

ಬಾಗಿನದ ದೋಣಿಯಿಂದ ಮೊದಲು ಇಳಿದವಳು ಪಾಲಾಕ್ಷಯ್ಯನವರ ಮಗಳು ಶರಾವತಿ. ಹೋದ ವರ್ಷ ಆಚೆ ದಡಕ್ಕೆ ಕೊಟ್ಟಿದ್ದರು. ಅವಳು ಮೊರವನ್ನು ಅಪ್ಪನ ಕೈಗೆ ದಾಟಿಸಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೇರ ನನ್ನ ಹತ್ತಿರ ಬಂದಳು.

"ದೊಡ್ಡತಾಯಜ್ಜಿ, ನಂಗೂ ಒಂದು ಸಲ."

"ಲೇ, ಹಬ್ಬದ ಸೀರೆ!" ಎಂದರು ಅಪ್ಪ, ಎರಡು ಕೈಯಲ್ಲೂ ಮೊರ ಹಿಡಿದುಕೊಂಡು. "ಅವರ ಕೆಲಸ ಆಗ್ಲೇ ಮುಗೀತು ಕಣೇ. ಈಗ ಹೋದ್ರೆ ಮತ್ತೆ ಗೆರೆ ಬೀಳ್ತದೆ."

"ಬೀಳ್ಲಿ ಬಿಡಿ ಯಜಮಾನ್ರೆ," ಎಂದೆ ನಾನು. "ಇದು ಕೆಲಸ ಅಲ್ಲ."

ಅವಳಿಗೆ ಹಲಗೆ ಕೊಟ್ಟೆ. ಹೋದಳು, ಬಿದ್ದಳು, ಕನ್ನಡಿಯ ನಟ್ಟನಡುವೆ ರೇಷ್ಮೆಯ ಅಂಚಿನ ಗುರುತೂ ಕಾಣುವ ಹಾಗೆ ದೊಡ್ಡ ಗುಂಡಿ ಮಾಡಿದಳು. ಅದರಲ್ಲೇ ಕೂತು "ಇನ್ನೊಂದ್ಸಲ!" ಎಂದು ಕೂಗಿದಳು. ಅವಳ ಹಿಂದೆ ಹಬ್ಬಕ್ಕೆ ತವರಿಗೆ ಬಂದ ಹುಡುಗಿಯರೆಲ್ಲ ಸೀರೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಸಾಲು ನಿಂತರು. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಕೆರೆಯ ಮೈಮೇಲೆ ಜಾಗವಿರಲಿಲ್ಲ: ಸುತ್ತು, ಸೊಟ್ಟ, ಸುರುಳಿ, ಕೈಕಾಲು ಚಾಚಿದ ಅಚ್ಚುಗಳು, ಅಲ್ಲಲ್ಲಿ ಬಳೆ ಬಿದ್ದ ಚುಕ್ಕೆಗಳು. ಅಷ್ಟೊಂದು ಗೋಜಲನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮಾರನೆಯ ಬೆಳಗ್ಗೆ ಕೋಳಿ ಕೂಗಿದಾಗ ಸವರುವುದಕ್ಕೆ ಬೇಕಾದಷ್ಟಿತ್ತು. ಸವರುವವರೂ ಬೇಕಾದಷ್ಟು ಜನ ಬಂದಿದ್ದರು.